ಹನ್ನೆರಡು ಬಟನ್ನಿನ ಮೌಸು

ಬಾಗಲಗುಂಟೆಯ ಶಿವರಾಮ್‌ನ ಫ್ಲೆಕ್ಸ್ ಅಂಗಡಿಯಲ್ಲಿ ಒಂದು ಮೌಸು ಎರಡು ತಿಂಗಳು ಬಾಳಿದರೆ ಅದೇ ದೀರ್ಘಾಯುಷ್ಯ. ಫುಟ್‌ಪಾತಿನಲ್ಲಿ ಗುಡ್ಡೆ ಹಾಕಿ ಮಾರುವ ಮಾಲನ್ನು ಆತ ಡಜನ್ನುಗಟ್ಟಲೆ ತಂದು ಡ್ರಾಯರಿಗೆ ಸುರಿಯುತ್ತಿದ್ದ. ಒಂದು ಸಲ ಒತ್ತಿದರೆ ಎರಡು ಸಲ ಒತ್ತಿಕೊಳ್ಳೋದು, ಹಿಡಿದು ಎಳೆದದ್ದನ್ನು ಅರ್ಧ ದಾರಿಯಲ್ಲಿ ಕೈಬಿಡೋದು, ಇವು ಆ ಮೌಸುಗಳ ಹುಟ್ಟುಗುಣ. ಕೆಟ್ಟರೆ ಮೇಜಿಗೆ ನಾಲ್ಕು ಸಲ ಕುಟ್ಟುವುದೊಂದೇ ಶಿವರಾಮ್‌ಗೆ ಗೊತ್ತಿದ್ದ ರಿಪೇರಿ. ಅದು ೨೦೧೬. ಕೋರ್ಟಿನ ಕಣ್ಣು ಇನ್ನೂ ಫ್ಲೆಕ್ಸುಗಳ ಮೇಲೆ ಬಿದ್ದಿರಲಿಲ್ಲ, ಹೆಸರಘಟ್ಟ ರಸ್ತೆಯಲ್ಲಿ ಕಂಬಕ್ಕೊಂದು ಮುಖ ನೇತಾಡುತ್ತಿದ್ದ ಕಾಲ. ವ್ಯಾಪಾರಕ್ಕೇನೂ ಬರವಿರಲಿಲ್ಲ, ಬರವಿದ್ದದ್ದು ಮಾಲೀಕನ ಬುದ್ಧಿಗೆ.

ಅಲ್ಲಿನ ಕಂಪ್ಯೂಟರಿನ ಮುಂದೆ ಎಂಟು ವರ್ಷದಿಂದ ಕೂತಿದ್ದವಳು ವನಿತಾ. ಅವಳ ಕೆಲಸ ತಲೆ ಕತ್ತರಿಸುವುದು. ಯಾರದೋ ಮದುವೆ ಫೋಟೋದಿಂದ, ಯಾರದೋ ವೋಟರ್ ಕಾರ್ಡಿನಿಂದ ತಲೆ ಕತ್ತರಿಸಬೇಕು, ಮುಖ ಬೆಳ್ಳಗೆ ಮಾಡಬೇಕು, ಅವರು ಜನ್ಮದಲ್ಲಿ ತೊಡದ ಗರಿಗರಿ ಬಿಳಿ ಅಂಗಿ ತೊಡಿಸಬೇಕು, ಚಿನ್ನದ ಬಣ್ಣದ ಉಂಗುರದೊಳಗೆ ಕೂರಿಸಬೇಕು. ಒಂದು ಹುಟ್ಟುಹಬ್ಬದ ಬ್ಯಾನರಿಗೆ ಇಂಥ ತಲೆ ನಲವತ್ತು. ಮೇಲೆ ಕೈಮುಗಿದು ನಿಂತ ನಾಯಕರು, ಕೆಳಗೆ ಸಾಲಾಗಿ ಶುಭ ಕೋರುವವರು. ಆ ನಲವತ್ತು ಮಂದಿಯೂ ‘ಯುವ ಮುಖಂಡರು’. ಐವತ್ತೆಂಟು ದಾಟಿದ, ಮೊಮ್ಮಕ್ಕಳ ನಾಮಕರಣ ಮುಗಿಸಿದ ಲಕ್ಕಣ್ಣನೂ ಯುವ ಮುಖಂಡನೇ. ಒಬ್ಬನ ತಲೆ ಪಕ್ಕದವನ ತಲೆಗಿಂತ ಒಂದು ಅಂಗುಲ ಚಿಕ್ಕದಾದರೂ ಮಾರನೆಯ ದಿನ ಅಂಗಡಿ ಮುಂದೆ ಸ್ಕಾರ್ಪಿಯೋ ನಿಲ್ಲುತ್ತಿತ್ತು.

ಹೀಗೆ ಒತ್ತಿ ಒತ್ತಿ ವನಿತಾಳ ತೋರುಬೆರಳಿನಿಂದ ಮೊಣಕೈವರೆಗೆ ನೋವು ಹತ್ತಿಕೊಂಡಿತು. ಚಪಾತಿ ಲಟ್ಟಿಸಲಾಗದು, ತಾಯಿ ಮುನಿಯಲ್ಲಮ್ಮನಿಗೆ ತಲೆ ಬಾಚಲಾಗದು. ಡಾಕ್ಟರು ಆ ಕೆಲಸ ಬಿಟ್ಟುಬಿಡಿ ಅಂದರು. ಹೇಳೋದು ಸುಲಭ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ, ಆ ಕುರ್ಚಿ ಹೋದರೆ ಒಲೆ ಉರಿಯುವುದಿಲ್ಲ. ಕುರ್ಚಿ ಉಳಿಸಿಕೊಳ್ಳೋ ದಾರಿ ಹುಡುಕುತ್ತಿದ್ದಾಗ ಅವಳಿಗೆ ಇಂಟರ್ನೆಟ್ಟಿನಲ್ಲಿ ಕಂಡದ್ದು ಆಟ ಆಡುವವರ ಮೌಸು. ಪಕ್ಕದಲ್ಲಿ, ಹೆಬ್ಬೆರಳು ಕೂರುವ ಜಾಗದಲ್ಲಿ, ಹನ್ನೆರಡು ಸಣ್ಣ ಬಟನ್ನು. ಪ್ರತಿಯೊಂದಕ್ಕೂ ನಮಗೆ ಬೇಕಾದ ಕೆಲಸ ಕಲಿಸಿಕೊಡಬಹುದು. ಆಟದ ಹುಡುಗರು ಅದರಲ್ಲಿ ರಾಕ್ಷಸರ ತಲೆ ಹಾರಿಸುತ್ತಾರಂತೆ. ತಲೆ ಹಾರಿಸುವುದೇ ತನ್ನ ಕೆಲಸವೂ ಅಲ್ಲವೇ ಅಂದುಕೊಂಡಳು ವನಿತಾ. ಎಂಟು ವರ್ಷದಿಂದ ಹೆಬ್ಬೆರಳು ಕೂತು ತಿಂದಿದೆ, ಇನ್ನಾದರೂ ದುಡಿಯಲಿ.

ಶಿವರಾಮ್‌ನನ್ನು ಒಪ್ಪಿಸಲು ಹದಿನೈದು ದಿನ ಹಿಡಿಯಿತು. ಕೊನೆಗೆ ಅಶ್ವತ್ಥಪ್ಪನವರ ಹುಟ್ಟುಹಬ್ಬ ಬರುವುದರೊಳಗೆ ನನ್ನ ಕೈ ಬಿದ್ದುಹೋದರೆ ಆ ಮುನ್ನೂರು ಬ್ಯಾನರು ನೀವೇ ಮಾಡಿಕೊಳ್ಳಿ ಅಂದಮೇಲೆ ಆತ ಮೌಸು ಕೊಡಿಸಲು ಅವಳ ಜೊತೆ ಎದ್ದು ಹೊರಟ. ಅಶ್ವತ್ಥಪ್ಪ ಅಂದರೆ ಹೊಲಗಳನ್ನು ಲೇಔಟು ಮಾಡಿ ಮಾರಿ, ಈಗ ಎಲೆಕ್ಷನ್ ಟಿಕೆಟ್ಟಿಗಾಗಿ ಓಡಾಡುತ್ತಿದ್ದ ದೊಡ್ಡ ಕುಳ, ಅಂಗಡಿಯ ಅರ್ಧ ಅನ್ನ ಆತನದೇ.

ಯಶವಂತಪುರದ ಮುಜಫ್ಫರ್‌ನ ಕಂಪ್ಯೂಟರ್ ಸಾಮಾನಿನ ಅಂಗಡಿಯಲ್ಲಿ ಶಿವರಾಮ್ ತೋರಿಸಿದ ಪಾಂಡಿತ್ಯ ನೋಡಬೇಕಿತ್ತು. ಮೊದಲು ಬಣ್ಣಬಣ್ಣದ ಲೈಟು ಬರುವ ಮೌಸಿಗೆ ಮನಸೋತ. ಅದರಲ್ಲಿ ಪಕ್ಕದ ಬಟನ್ನು ಎರಡೇ ಇದ್ದವು, ಆದರೇನು, ಲೈಟು ಉಂಟಲ್ಲ. ಆಮೇಲೆ ಒಂದೊಂದನ್ನೇ ಅಂಗೈಯಲ್ಲಿಟ್ಟು ತೂಗಿ ನೋಡಿದ, ಕಿವಿಯ ಹತ್ತಿರ ತೆಂಗಿನಕಾಯಿ ಅಲ್ಲಾಡಿಸಿದ ಹಾಗೆ ಅಲ್ಲಾಡಿಸಿದ. ಭಾರ ಇರೋದೇ ಗಟ್ಟಿ ಅಂತ ತೀರ್ಪನ್ನೂ ಕೊಟ್ಟ. ಮುಜಫ್ಫರ್ ಆ ಭಾರದ ಮೌಸಿನ ಹೊಟ್ಟೆಯ ಮುಚ್ಚಳ ತೆಗೆದು, ಒಳಗಿಟ್ಟಿದ್ದ ಕಬ್ಬಿಣದ ತುಂಡುಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟ. ತೂಕಕ್ಕೆಂದೇ ತುಂಬಿದ್ದು ಅವು. ಶಿವರಾಮ್ ತನಗೆ ಮೊದಲೇ ಗೊತ್ತಿತ್ತು ಅನ್ನೋ ಮುಖ ಮಾಡಿಕೊಂಡು ಕಾಫಿ ಕುಡಿಯೋಕೆ ಹೋದ.

ವನಿತಾ ಕಣ್ಣು ಮುಚ್ಚಿಕೊಂಡು, ಹೆಬ್ಬೆರಳಲ್ಲಿ ತಡವಿ ತಡವಿ ಆರಿಸಿದಳು. ಒಂದರಲ್ಲಿ ಹನ್ನೆರಡೂ ಬಟನ್ನು ಒಂದೇ ಮಟ್ಟ, ಹೆಬ್ಬೆರಳಿಗೆ ಐದು ಯಾವುದು ಆರು ಯಾವುದು ತಿಳಿಯದು. ಇನ್ನೊಂದರಲ್ಲಿ ಬಟನ್ನುಗಳು ಅಲ್ಲಾಡುವ ಹಲ್ಲಿನಂತಿದ್ದವು. ಮೂರನೆಯದರಲ್ಲಿ ಒಂದೊಂದು ಸಾಲು ಒಂದೊಂದು ಕಡೆಗೆ ವಾಲಿತ್ತು, ನಡುವಿನ ಬಟನ್ನಿನ ಮೇಲೆ ಸಣ್ಣ ಉಬ್ಬಿತ್ತು, ಒತ್ತಿದರೆ ಟಕ್ ಅಂತ ಇಳಿದು ಅಷ್ಟೇ ಬೇಗ ಮೇಲೇಳುತ್ತಿತ್ತು. ವೈರು ಕುತ್ತಿಗೆಯ ಹತ್ತಿರ ಎಷ್ಟು ಬಾಗುತ್ತದೆ ನೋಡಿದಳು, ಎಡಗಡೆಯ ಬಟನ್ನು ಎಷ್ಟು ಲಕ್ಷ ಒತ್ತಿಗೆ ತಡೆಯುತ್ತದೆ ಕೇಳಿದಳು, ಎಷ್ಟು ವರ್ಷ ಗ್ಯಾರಂಟಿ ಅಂತ ಬರೆಸಿಕೊಂಡಳು. ಆಟದ ಮೌಸಿಗೆ ಬರೋ ಹುಡುಗರು ಯಾರೂ ಇದನ್ನೆಲ್ಲ ಕೇಳಿದ್ದಿಲ್ಲ, ಅವರಿಗೆ ಲೈಟು ಬಿದ್ದರೆ ಸಾಕು ಅಂದ ಮುಜಫ್ಫರ್.

ಅಂಗಡಿಗೆ ಬಂದದ್ದೇ ಶಿವರಾಮ್ ಮಾಡಿದ ಮೊದಲ ಕೆಲಸ ಆ ಮೌಸನ್ನು ಪ್ಲಾಸ್ಟಿಕ್ ಕವರಿನಲ್ಲೇ ಬಿಟ್ಟು ರಬ್ಬರ್ ಬ್ಯಾಂಡು ಹಾಕಿದ್ದು. ಹೊಸದು ಹೊಸದಾಗೇ ಇರಲಿ ಅನ್ನೋದು ಆತನ ಆಸೆ. ಕವರಿನೊಳಗಿನ ಮೌಸನ್ನು ಎಷ್ಟು ಎಳೆದಾಡಿದರೂ ಪರದೆಯ ಮೇಲಿನ ಬಾಣ ಕದಲಲಿಲ್ಲ. ಆತ ಆಚೆ ಹೋದಮೇಲೆ ವನಿತಾ ಕವರು ಕಿತ್ತೆಸೆದು ಕೆಲಸಕ್ಕೆ ಕೂತಳು.

ಒಂದು ವಾರ ಮೌಸಿಗೆ ಪಾಠ ಹೇಳಿದಳು. ಎರಡನೆಯ ಬಟನ್ನು ಒತ್ತಿದರೆ ಮುಖ ಬೆಳ್ಳಗಾಗಬೇಕು, ನಾಲ್ಕನ್ನು ಒತ್ತಿದರೆ ಬಿಳಿ ಅಂಗಿ ಬರಬೇಕು. ಒಂಬತ್ತನೆಯದು ಅವಳ ಹೆಮ್ಮೆ: ಒಂದೇ ಒತ್ತಿಗೆ ಅಶ್ವತ್ಥಪ್ಪನ ಕಡೆಯ ನಲವತ್ತು ತಲೆಗಳೂ ಯಾರ ಪಕ್ಕ ಯಾರು ಅನ್ನೋ ಲೆಕ್ಕದಲ್ಲೇ ಸಾಲಾಗಿ ಬಂದು ಕೂರುತ್ತಿದ್ದವು. ಹನ್ನೊಂದನೆಯದು ಶ್ರದ್ಧಾಂಜಲಿ, ಒತ್ತಿದರೆ ಫೋಟೋದ ಬಣ್ಣ ಹೋಗಿ ಹಾರ, ದೀಪ ಬರುತ್ತಿತ್ತು. ಎರಡು ಗಂಟೆಯ ಕೆಲಸ ಹತ್ತು ನಿಮಿಷಕ್ಕಿಳಿಯಿತು. ಕೈ ನೋವೂ ಇಳಿಯಿತು. ಎಷ್ಟೋ ತಿಂಗಳ ಮೇಲೆ ಅವಳು ತಾಯಿಗೆ ತಲೆ ಬಾಚಿ ಜಡೆ ಹಾಕಿದಳು, ಮನಸ್ಸಿಗೆ ಬಹಳ ಸಂತೋಷವಾಯಿತು.

ಆ ಹತ್ತು ನಿಮಿಷವನ್ನು ಶಿವರಾಮ್ ಹಿಂದೆ ನಿಂತು ನೋಡಿದ. ಆತನಿಗೆ ಹೆಂಡತಿಯ ತಮ್ಮನೊಬ್ಬನಿದ್ದ, ಸತೀಶ್ ಅಂತ. ಮೂರು ಕಡೆ ಕೆಲಸ ಬಿಟ್ಟು, ಅಕ್ಕನ ಮನೆಯ ಸೋಫಾ ಸವೆಸುವುದನ್ನೇ ಉದ್ಯೋಗ ಮಾಡಿಕೊಂಡಿದ್ದ ಮಹಾನುಭಾವ. ಮಾರನೆಯ ದಿನ ಸತೀಶ್ ವನಿತಾಳ ಪಕ್ಕಕ್ಕೆ ಸ್ಟೂಲು ಹಾಕಿಕೊಂಡು ಕೂತ. ಯಾವ ಬಟನ್ನಿಗೆ ಏನು ಅನ್ನೋದನ್ನೆಲ್ಲ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಮ್ಮ ಅಂದ ಶಿವರಾಮ್. ಅವಳೂ ಅಂಟಿಸಿದಳು, ಅಷ್ಟು ಒಳ್ಳೆಯವಳು. ತಿಂಗಳ ಕೊನೆಗೆ ಆತ ಬಲು ಮರುಕದಿಂದ, ನಿನ್ನ ಕೈಗೆ ರೆಸ್ಟು ಬೇಕು, ಡಾಕ್ಟರೇ ಹೇಳಿದಾರಲ್ಲ, ಅಂತ ಬೀಳ್ಕೊಟ್ಟ. ಮೌಸು ಅಂಗಡಿಯದು, ಅಲ್ಲೇ ಉಳಿಯಿತು.

ವನಿತಾಗೆ ಹೊಟ್ಟೆ ಉರಿದುಹೋಯಿತು. ಕುರ್ಚಿ ಉಳಿಸಿಕೊಳ್ಳೋಕೆ ಅಂತ ಆರಿಸಿ ತಂದದ್ದಕ್ಕೆ ತನ್ನ ಕೈಯಾರೆ ವಿದ್ಯೆ ತುಂಬಿ, ಅದರಿಂದಲೇ ಕುರ್ಚಿ ಕಳಕೊಂಡೆನಲ್ಲ ಅಂತ ತನ್ನ ಮೇಲೇ ಸಿಟ್ಟು ಬಂತು. ಮುನಿಯಲ್ಲಮ್ಮ ಎರಡು ದಿನ ಶಿವರಾಮ್‌ನ ವಂಶವನ್ನೆಲ್ಲ ಬೈದು ಸುಸ್ತಾದಳು. ವನಿತಾ ಪಕ್ಕದ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ನಿಂತಳು. ಸಂಬಳ ಅರ್ಧಕ್ಕರ್ಧ, ಕೂರೋಕೆ ಕುರ್ಚಿಯೂ ಇಲ್ಲ.

ಎರಡು ತಿಂಗಳಾಯಿತು. ಅಶ್ವತ್ಥಪ್ಪನ ಬ್ಯಾನರಿನಲ್ಲಿ ಶುಭ ಕೋರುವ ಆ ನಲವತ್ತು ಮಂದಿಯಲ್ಲಿ ಮೂರನೆಯ ಸಾಲಿನ ಚನ್ನಪ್ಪ ಎದೆನೋವಿನಿಂದ ತೀರಿಕೊಂಡ. ಸತೀಶ್ ಚೀಟಿ ನೋಡಿ ಹನ್ನೊಂದನೆಯ ಬಟನ್ನು ಒತ್ತಿದ, ಹಾರ ದೀಪ ಸಮೇತ ಶ್ರದ್ಧಾಂಜಲಿ ಸರ್ಕಲ್ಲಿನಲ್ಲಿ ಎದ್ದಿತು. ಇಪ್ಪತ್ತು ದಿನಕ್ಕೆ ಅಶ್ವತ್ಥಪ್ಪನ ಹುಟ್ಟುಹಬ್ಬ ಬಂತು. ಸತೀಶ್ ಮತ್ತೆ ಚೀಟಿ ನೋಡಿ ಒಂಬತ್ತು ಒತ್ತಿದ. ಮುನ್ನೂರು ಬ್ಯಾನರು ಅಚ್ಚಾಗಿ ಕಂಬಕ್ಕೇರಿದವು. ಸರ್ಕಲ್ಲಿನ ಈ ಕಂಬದಲ್ಲಿ ಚನ್ನಪ್ಪ ಕಪ್ಪು ಬಿಳುಪಿನಲ್ಲಿ ಸತ್ತಿದ್ದ. ಆ ಕಂಬದಲ್ಲಿ ಬಿಳಿ ಅಂಗಿ ತೊಟ್ಟು, ಚಿನ್ನದ ಉಂಗುರದೊಳಗೆ ಕೂತು, ‘ನೂರ್ಕಾಲ ಬಾಳಿ ಅಣ್ಣ’ ಅಂತ ನಗುತ್ತಿದ್ದ.

ಚನ್ನಪ್ಪನ ಹೆಂಡತಿ ಕೃಷ್ಣಮ್ಮ ಆ ಕಂಬದ ಕೆಳಗೆ ಕೂತು ಗೋಳೋ ಅಂತ ಅತ್ತಳು. ಸತ್ತವನ ಬಾಯಲ್ಲಿ ಹಾರೈಸಿಕೊಂಡ ಅಶ್ವತ್ಥಪ್ಪನಿಗೆ ಅಪಶಕುನದ ಭಯ ಹತ್ತಿ, ಕೇಕು ಕತ್ತರಿಸದೆ ಶಾಂತಿ ಮಾಡಿಸಲು ಪುರೋಹಿತರನ್ನು ಕರೆಸಿದ. ಆತನ ಕಡೆಯವರು ಬಂದು ಶಿವರಾಮ್‌ನ ಅಂಗಡಿಯ ಶಟರು ಎಳೆದು ಕೂತರು. ನಾಳೆ ಸಂಜೆಯೊಳಗೆ ಮುನ್ನೂರೂ ಹೊಸದಾಗಿ ಕಟ್ಟದಿದ್ದರೆ ಇನ್ನು ಈ ಅಂಗಡಿಯಲ್ಲಿ ಒಂದು ಚೀಟಿಯೂ ಅಚ್ಚು ಹಾಕಿಸೋದಿಲ್ಲ ಅಂದರು.

ಆಗ ಶಿವರಾಮ್‌ಗೆ ವನಿತಾಳ ಮನೆ ನೆನಪಾಯಿತು. ಮೌಸನ್ನು ಕರ್ಚೀಫಿನಲ್ಲಿ ಸುತ್ತಿ ತಂದಿದ್ದ, ಮುಖದಲ್ಲಿ ಬೆವರಿಳಿಯುತ್ತಿತ್ತು. ಮುನಿಯಲ್ಲಮ್ಮ ಕುಡಿಯೋಕೆ ನೀರೂ ಕೊಡಲಿಲ್ಲ. ಆತ ಮೌಸನ್ನು ಚಾಪೆಯ ಮೇಲಿಟ್ಟು, ಬಹಳ ಗಂಭೀರವಾಗಿ ಕೇಳಿದ: “ಸತ್ತೋರನ್ನ ತೆಗಿಯೋ ಬಟನ್ ಯಾವ್ದಮ್ಮ ಇದ್ರಲ್ಲಿ?”

ತಮಾಷೆ ಮಾಡುತ್ತಿದ್ದಾನೇನೋ ಅಂತ ವನಿತಾ ಮುಖ ನೋಡಿದಳು. ಇಲ್ಲ, ನಿಜವಾಗಿಯೂ ಕೇಳುತ್ತಿದ್ದ. ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು, ಅವನನ್ನು ಕಂಡು ಅಯ್ಯೋ ಅನ್ನಿಸಿದ್ದು ಮಾತ್ರ ಇಲ್ಲ.

“ಅದಕ್ಕೆ ಬಟನ್ ಇಲ್ಲ ಸಾರ್,” ಅಂದಳು. “ಯಾರಾದ್ರೂ ತೀರ್ಕೊಂಡ್ರೆ ಮೊದ್ಲು ಅವ್ರ ಮುಖ ಆ ನಲವತ್ತರಿಂದ ತೆಗೀತಿದ್ದೆ. ಶ್ರದ್ಧಾಂಜಲಿ ಕೆಲ್ಸ ಆಮೇಲೆ. ಮುನಿಸಿಕೊಂಡೋರ್ನ ದೂರ ಕೂರಿಸ್ತಿದ್ದೆ, ಪಾರ್ಟಿ ಬಿಟ್ಟೋರ್ನ ಎತ್ತಿಹಾಕ್ತಿದ್ದೆ. ಮೌಸ್‌ಗೆ ಅದೆಲ್ಲ ಹೆಂಗ್ ಗೊತ್ತಾಗುತ್ತೆ?”

ಶಿವರಾಮ್ ತಲೆ ಕೆರೆದುಕೊಂಡ. ಇಷ್ಟಾದ ಮೇಲೂ ಆತನಿಗೆ ಹೊಳೆದದ್ದು ಒಂದೇ. “ಹಂಗಾದ್ರೆ ಅದಕ್ಕೂ ಒಂದು ಬಟನ್ ಮಾಡ್ಕೊಟ್ಬಿಡಮ್ಮ. ಹದಿಮೂರನೇದು.”

ವನಿತಾ ಮೌಸನ್ನು ಕೈಗೆತ್ತಿಕೊಂಡು, ಅದರ ಮೈಗೆ ಹತ್ತಿದ್ದ ಸತೀಶ್‌ನ ಚಿಪ್ಸಿನ ಎಣ್ಣೆಯನ್ನು ಸೆರಗಿನಿಂದ ಒರೆಸಿದಳು.

“ಮಾಡ್ಕೊಡ್ತೀನಿ ಸಾರ್. ಆದ್ರೆ ಆ ಬಟನ್‌ಗೆ ಒಂದು ಕುರ್ಚಿ ಬೇಕು, ತಿಂಗಳು ತಿಂಗಳು ಸಂಬಳ ಬೇಕು. ಬೆಳಗ್ಗೆ ಹತ್ತಕ್ಕೆ ಬರುತ್ತೆ, ಸಂಜೆ ಆರಕ್ಕೆ ಮನೆಗೆ ಹೋಗುತ್ತೆ.”