ಹಾಡಬಾರದ ಗಂಟಲು

ತೊಟ್ಟಿಲಿನ ಹಿತ್ತಾಳೆ ಸರಪಳಿಗೆ ಎಷ್ಟು ಪಾಲಿಶ್ ಹಾಕಿಸಿದ್ದಾರೆಂದರೆ ಕೊಂಡಿಕೊಂಡಿಯಲ್ಲೂ ಮಹೇಶ್ವರನಿಗೆ ತನ್ನದೇ ಮುಖ ಕಾಣುತ್ತದೆ, ಉದ್ದಕ್ಕೆ ಎಳೆದ ಮುಖ, ಜುಬ್ಬಾದ ಕಾಲರು ಮಾತ್ರ ನೆಟ್ಟಗಿದೆ — ತಿರುವನಂತಪುರದ ಈ ಬೀಗರ ಮನೆಯಲ್ಲಿ ಎಲ್ಲವೂ ಹೊಳೆಯುತ್ತದೆ, ಇಲ್ಲಿ ಕಾಲಿಟ್ಟಾಗಲೆಲ್ಲ ಕೊಚ್ಚಿಯ ತನ್ನ ಕಲೂರಿನ ಎರಡು ಕೋಣೆ, ಬಸ್‌ಸ್ಟ್ಯಾಂಡಿನ ಹಾರ್ನು, ಕಿಟಕಿಯ ಸರಳಿಗೆ ಹರವಿದ ಟವೆಲು ನೆನಪಾಗಿ ಬೆನ್ನು ತಾನಾಗಿ ಸೆಟೆದುಕೊಳ್ಳುತ್ತದೆ, ಮಗು ಅಳುತ್ತಿದೆ, ಮಗಳು ಅನ್ವಿತಾಳ ಮಗು, ಇಂದು ಅದನ್ನು ತೊಟ್ಟಿಲಿಗೆ ಹಾಕುವ ದಿನ, ಮೊದಲ ಜೋಗುಳ ತಾಯಿಯ ತಾಯಿಯದ್ದು, ಅದು ತಮ್ಮ ಕಾಸರಗೋಡಿನ ಮನೆಗಳ ಪದ್ಧತಿ, ಬೀಗಿತ್ತಿ ಗೌರಿ ಮಾತ್ರ ಮೊಬೈಲನ್ನು ಸ್ಪೀಕರಿಗೆ ಜೋಡಿಸುತ್ತಾ ನೆಂಟರಿಗೆ ಹೇಳುತ್ತಿದ್ದಾಳೆ, ಪಾವಂ, ಚೇಚೀಡೆ ತೊಂಡ ಶರಿಯಲ್ಲಲ್ಲೋ, ಪಾಪ, ಅಕ್ಕನ ಗಂಟಲು ಸರಿಯಿಲ್ಲವಂತೆ, ಎಲ್ಲರೂ ಸುಶೀಲಳ ಕಡೆ ಕನಿಕರದಿಂದ ನೋಡುತ್ತಾರೆ, ಈ ಸೆಕೆಯಲ್ಲೂ ಕುತ್ತಿಗೆಗೆ ರೇಷ್ಮೆಯ ಶಾಲು ಸುತ್ತಿಕೊಂಡ ತನ್ನ ಹೆಂಡತಿಯ ಕಡೆ — ಗಂಟಲಿಗೆ ಏನೂ ಆಗಿಲ್ಲ, ಎಂದೂ ಆಗಿರಲಿಲ್ಲ.

ಕಾಸರಗೋಡಿನ ಕನ್ನಡ ದಸ್ತಾವೇಜುಗಳನ್ನು ಎರ್ನಾಕುಲಂನ ವಕೀಲರಿಗಾಗಿ ಇಂಗ್ಲಿಷಿಗೆ ತರುವಾಗ ಮೂಲದಲ್ಲಿಲ್ಲದ ಒಂದು ಪದವನ್ನೂ ಸೇರಿಸದವನೆಂದು ಹೆಸರಾದ ಮಹೇಶ್ವರ, ಸಂಜೆ ಅಲ್ಲಿನ ಮರೀನ್ ಡ್ರೈವಿನಲ್ಲಿ ನಡೆಯುತ್ತಾ ದೀಪ ಹತ್ತಿದ ಬಾಲ್ಕನಿಗಳನ್ನು ಕತ್ತೆತ್ತಿ ನೋಡಿ, ಒಂದು ದಿನ ಅಲ್ಲಿಂದ ಕೆಳಗೆ ನೋಡಬೇಕು ಎಂದುಕೊಂಡವನು, ಹಿಂದೆ ಮಗಳ ಸಂಬಂಧದ ಮಾತಿಗೆ ಬಂದು ಇದೇ ಹಜಾರದಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ವೀಣೆಯನ್ನು ಕಂಡಾಗ, ಚೇಚಿ ಏನು ಮಾಡುತ್ತಾರೆಂದು ಗೌರಿ ಕೇಳಿದಾಗ, ಹಪ್ಪಳ ಒತ್ತಿ ಮಾರುತ್ತಾಳೆ ಎನ್ನುವುದು ಹೇಗೆ, ಹಾಡುತ್ತಾಳೆ ಎಂದ, ಅಷ್ಟು ನಿಜ, ಮೊದಲು ರೇಡಿಯೋದಲ್ಲಿ ಹಾಡುತ್ತಿದ್ದಳು ಎಂದೂ ಸೇರಿಸಿದ, ಅಯ್ಯೋ, ಹಾಗಾದರೆ ಒರು ಕೀರ್ತನಂ, ಚೇಚೀ, ಎಂದಳು ಗೌರಿ — ಸುಶೀಲಳಿಗೆ ಗೊತ್ತಿದ್ದುದು ತಾಯಿಯಿಂದ ಬಂದ ಜೋಗುಳ, ಗದ್ದೆಯಲ್ಲಿ ನೇಜಿ ನೆಡುವ ಹಾಡು, ರಾಗದ ಹೆಸರೇ ಇಲ್ಲದವು, ಅವಳು ನಿಜ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಮುಂದಾಗಿ, ಗಂಟಲು ಕೆಟ್ಟಿದೆ, ಹಾಡಲೇಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದ, ಆಗ ಅವಳ ಗಂಟಲಮಣಿ ಒಮ್ಮೆ ಮೇಲೆದ್ದು ಹಾಗೇ ನಿಂತದ್ದನ್ನು ಅವನೊಬ್ಬನೇ ಕಂಡ. ಮರಳುವ ರೈಲಿನಲ್ಲಿ ಅವಳು, ಹಪ್ಪಳದವಳು ಅಂತ ಹೇಳಿದ್ರೆ ಅವರ ವೀಣೆಯ ತಂತಿ ಕಡೀತಿತ್ತಾ ಎಂದಳು, ಅವನು, ಸುಮ್ಮನಿರು ಮಾರಾಯ್ತಿ, ಮಗಳ ಭಾಗ್ಯ ನೋಡು — ಮದುವೆಯಾಯಿತು, ಗೌರಿ ಹೊತ್ತುಗೊತ್ತಿಲ್ಲದೆ ವೀಡಿಯೋ ಕಾಲ್ ಮಾಡತೊಡಗಿದಳು, ರುಬ್ಬುತ್ತಾ ಗುನುಗುವ ಸುಶೀಲಳಿಗೆ ಅವನು ತುಟಿಗೆ ಬೆರಳಿಟ್ಟು ತೋರಿಸುವನು, ಒಂದು ಬೆಳಿಗ್ಗೆ ಗುನುಗು ನಿಂತಿರುವುದು ಗಮನಕ್ಕೆ ಬಂತು, ಯಾವಾಗಿನಿಂದ ಎಂಬುದು ಗೊತ್ತಾಗಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ, ನಿನ್ನೆ ಮಾತ್ರ ಈ ಮನೆಯ ಬಚ್ಚಲಿನ ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು, ನೀರಿನಡಿಯಲ್ಲಿ ಇನ್ನೊಂದು ಸದ್ದು, ಜೋಜೋ ಎಂಬಂತೆ, ಮೊಮ್ಮಗಳಿಗೆಂದು ಕದ್ದು ಹದ ಮಾಡಿಕೊಳ್ಳುವ ಸದ್ದು, ಬಾಗಿಲಾಚೆ ನಿಂತು ಕೇಳಿದ, ಕೆಮ್ಮಿ ಸರಿದುಹೋದ.

ಸ್ಪೀಕರು ಪಿಟೀಲಿನ ಜೊತೆ ಹಾಡುತ್ತಿದೆ, ಮಗುವಿನ ಅಳು ಅದನ್ನೂ ಮೀರಿದೆ, ಅನ್ವಿತಾ ತಾಯಿಯನ್ನಲ್ಲ, ಮಹೇಶ್ವರನನ್ನೇ ನೋಡುತ್ತಿದ್ದಾಳೆ, ಅಪ್ಪಾ, ಈಗಲಾದ್ರೂ ಹೇಳಿಬಿಡಿ ಎನ್ನುವ ಕಣ್ಣು, ಎದ್ದು ನಿಂತು ಒಂದೇ ಮಾತು, ನಾನು ಸುಳ್ಳು ಹೇಳಿದ್ದೆ, ಅಷ್ಟೇ ಸಾಕು, ಮಹೇಶ್ವರ ಏಳುತ್ತಾನೆ, ಏಳು ಮಂದಿ ನೆಂಟರು ತಿರುಗುತ್ತಾರೆ, ಅವನ ಕೈ ಕಾಲರಿಗೆ ಹೋಗುತ್ತದೆ, ಬಾಗಿ ಹೆಂಡತಿಯ ಕಿವಿಯಲ್ಲಿ ಹೇಳುತ್ತಾನೆ, ಹಾಡು, ಪರವಾಗಿಲ್ಲ, ಯಾರಿಗೂ ಕೇಳಿಸದ ಹಾಗೆ ಸಣ್ಣಕ್ಕೆ ಹಾಡು. ಸುಶೀಲ ತಿರುಗದೆಯೇ, ಯಾರಿಗೂ ಕೇಳಿಸದ ಹಾಗೆ ಅಲ್ವಾ ಇಷ್ಟು ವರ್ಷ ಹಾಡಿದ್ದು, ಎಂದು ತೊಟ್ಟಿಲಿನ ಸರಪಳಿ ಹಿಡಿಯುತ್ತಾಳೆ, ತೂಗುತ್ತಾಳೆ, ಶಾಲು ಜಾರಿದೆ, ತುಟಿ ಬಿರಿಯುತ್ತದೆ, ಸ್ವರ ಹೊರಡುವುದಿಲ್ಲ, ಮಗು ಅಳುತ್ತದೆ, ಗಂಟಲಮಣಿ ಮೇಲೇಳುತ್ತದೆ, ನಿಲ್ಲುತ್ತದೆ, ಇಳಿಯುತ್ತದೆ, ಮತ್ತೆ ಮೇಲೇಳುತ್ತದೆ, ನಿಲ್ಲುತ್ತದೆ —