ಆನೆಬಂಡೆಯ ಮೇಲೆ ಪಿಕಪ್

ನಮ್ಮಜ್ಜಿ ಅಕ್ಕಯಮ್ಮನ ಕತೆಗಳಲ್ಲಿ ಬೆಟ್ಟಗಳು ಎದ್ದು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು. ರಾಜಕುಮಾರಿ ಕೈಮುಗಿದು ಕೇಳಿದರೆ ಸಾಕಿತ್ತು. ಎಂಬತ್ಮೂರನೇ ಇಸವಿಯ ಶ್ರಾವಣದಲ್ಲಿ ನಮ್ಮ ಗೋವಿಂದಮ್ಮತ್ತೆ ಯಾರಿಗೂ ಕೈಮುಗಿಯಲಿಲ್ಲ. ಬಂಡೆ ಸರಿಯದಿದ್ದರೆ ಗಾಡಿಯನ್ನೇ ಎತ್ತರ ಮಾಡಿಸುತ್ತೇನೆ ಎಂದಳು.

ಗೋವಿಂದಮ್ಮ ನನ್ನ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಸುಬ್ರಹ್ಮಣ್ಯಪುರದ ಹಿಂದಿನ ಹೂದೋಟವನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಕನಕಾಂಬರ, ಕಾಕಡ, ಸೇವಂತಿಗೆ. ಗಂಡ ಮಿಲಿಟರಿ ಹರಾಜಿನಲ್ಲಿ ತಂದಿದ್ದ, ಜೀಪಿನ ಮೂತಿಯ ಹಳೆಯ ಪಿಕಪ್ಪನ್ನು ಓಡಿಸುವವಳೂ ಅವಳೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು ಸಿಟಿ ಮಾರ್ಕೆಟ್ಟಿಗೆ ಹೊರಟಳೆಂದರೆ ಬನಶಂಕರಿ ಬಸ್ ಸ್ಟಾಪಿನಲ್ಲಿದ್ದವರು ಬಸ್ಸು ಬಂದದ್ದನ್ನೂ ಮರೆತು ನೋಡುತ್ತಿದ್ದರು.

ತೋಟಕ್ಕೆ ಗಾಡಿ ಹೋಗುವ ದಾರಿ ಪಿಳ್ಳಣ್ಣನ ಹೊಲದ ಬದುವಿನ ಮೇಲಿತ್ತು. ಪಿಳ್ಳಣ್ಣ ಆ ಹೊಲವನ್ನು ಒಂದು ಗೃಹನಿರ್ಮಾಣ ಸಂಘಕ್ಕೆ ಮಾರಿದ. ಸಂಘದವರು ಮೊದಲು ಮಾಡಿದ ಕೆಲಸವೆಂದರೆ ಬದುವಿಗೆ ಅಡ್ಡಲಾಗಿ ಆಳು ಮುಳುಗುವಷ್ಟು ಕಂದಕ ತೋಡಿ, ಮುಳ್ಳುತಂತಿ ಬಿಗಿದದ್ದು. ಪಿಕಪ್ಪು ತೋಟದ ಒಳಗೇ ಸಿಕ್ಕಿಕೊಂಡಿತು.

ಸಂಘದ ಕಾರ್ಯದರ್ಶಿ ಸೇತುರಾಮಯ್ಯ ಜಯನಗರದವರು, ರಿಟೈರಾದವರು, ಎಂದೂ ದನಿ ಏರಿಸದವರು.

"ನೋಡಮ್ಮಾ, ದಾರಿ ಇಲ್ದಿರೋ ತೋಟ ಇಟ್ಕೊಂಡು ಏನ್ಮಾಡ್ತೀಯ? ನಮಗೇ ಕೊಟ್ಬಿಡು. ಪಾರ್ಕ್ ಮಾಡ್ತೀವಿ. ಬೇಕಾದ್ರೆ ನಿನ್ನ ಯಜಮಾನರ ಹೆಸರೇ ಇಡೋಣ."

"ಅವ್ರ ಹೆಸ್ರು ಗಾಡಿ ಮೇಲೆ ಬರ್ಸಿದೀನಿ ಸಾರ್. ಅಷ್ಟು ಸಾಕು," ಎಂದಳು ಅತ್ತೆ.

ತೋಟ ಅಣ್ಣತಂಗಿ ಇಬ್ಬರ ಹೆಸರಿನಲ್ಲೂ ಇತ್ತು. ನಮ್ಮಪ್ಪ ಚಿನ್ನಪ್ಪನಿಗೆ ಜಗಳ ಎಂದರೆ ಹೊಟ್ಟೆನೋವು ಬರುತ್ತಿತ್ತು. "ಕೋರ್ಟು ಕಚೇರಿ ಅಂತ ಅಲೆಯೋದು ನನ್ ಕೈಲಾಗಲ್ಲ ಗೋವಿಂದು. ವರಮಹಾಲಕ್ಷ್ಮಿ ಹಬ್ಬಕ್ಕೆ ನಮ್ ಹೂವು ಮಾರ್ಕೆಟ್ ಸೇರಿದ್ರೆ ನಾನು ಬಾಯ್ಬಿಡಲ್ಲ. ಸೇರ್ಲಿಲ್ವಾ, ಸೋಮವಾರ ಸೈನ್ ಹಾಕ್ಬಿಡೋಣ."

"ಆಯ್ತು," ಎಂದಳು ಅತ್ತೆ. ಅಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ಅಪ್ಪನಿಗೇ ಭಯವಾಯಿತು.

ಇನ್ನೊಂದು ದಾರಿ ಇತ್ತು. ಅದನ್ನು ದಾರಿ ಎನ್ನಬಾರದು. ತೋಟದ ಹಿಂದೆ ಆನೆಬಂಡೆ, ಅದರಾಚೆ ಕೆರೆಯ ಬಾಲದ ಕೆಸರು, ಕೆಸರಿನಾಚೆ ಡಾಂಬರು ರಸ್ತೆ. ಬಂಡೆಯ ಮೇಲೆ ಹೂವಿನ ಕುಕ್ಕೆ ಹೊತ್ತು ಹೋದ ಆಳುಗಳು ಮಂಡಿ ಒಡೆದುಕೊಂಡು, ಮರುದಿನದಿಂದ ಬರುವುದನ್ನೇ ಬಿಟ್ಟರು. ಅತ್ತೆ ಪಿಕಪ್ಪನ್ನು ಹತ್ತಿಸಲು ನೋಡಿದಳು. ಬುಡದಲ್ಲೇ ಅದರ ಹೊಟ್ಟೆ ಕಲ್ಲಿಗೆ ಕೂತು, ಚಕ್ರಗಳು ಗಾಳಿಯಲ್ಲಿ ತಿರುಗತೊಡಗಿದವು. ಎತ್ತು ಕಟ್ಟಿ ಎಳೆಸಬೇಕಾಯಿತು.

ಆಗ ಸಾರಕ್ಕಿಯಿಂದ ಮೆಕ್ಯಾನಿಕ್ ದಾಸಪ್ಪ ಬಂದ. ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು, ಬಂಡೆ ಹತ್ತಿ ಇಳಿದು. ದೊಡ್ಡ ಹಲ್ಲಿನ ಮಿಲಿಟರಿ ಟೈರುಗಳನ್ನು ಮೇಲಿನಿಂದ ಉರುಳಿಸಿದ. ಒಂದು ಟೈರು ದಾರಿ ತಪ್ಪಿ ಸೇವಂತಿಗೆ ಮಡಿಗಳ ಮೇಲೆ ಓಡಿತು.

"ಲೋ ದಾಸಪ್ಪ, ನಿನ್ ಟೈರಿಗೂ ಕಣ್ಣಿಲ್ವೇನೋ!"

"ಹೊಸ ಜಾಗ ಅಲ್ವೇನಕ್ಕಾ, ಅದಕ್ಕೂ ತೋಟ ನೋಡ್ಬೇಕು ಅನ್ಸಿರತ್ತೆ."

ಗಾಡಿಯ ಮುಂಭಾಗ ಸುಲಭಕ್ಕೆ ಆಯಿತು. ಕಮಾನಿನಂತೆ ಬಾಗಿದ ಸ್ಪ್ರಿಂಗ್ ಪಟ್ಟಿಗಳ ಕಟ್ಟಿಗೆ ಇನ್ನಷ್ಟು ಪಟ್ಟಿ ಸೇರಿಸಿದ, ಮೂತಿ ಮೇಲೆದ್ದಿತು. ಹೊಗೆ ಕೊಳವೆಯನ್ನು ಮೇಲಕ್ಕೆ ತಿರುಗಿಸಿ ಬಾಗಿಲ ಪಕ್ಕ ತಂತಿಯಲ್ಲಿ ಕಟ್ಟಿದ. ಕಷ್ಟವಾದದ್ದು ಹಿಂಭಾಗ. ಅಲ್ಲಿ ಎರಡು ಚಕ್ರಗಳ ನಡುವಿನ ದಪ್ಪ ಎಕ್ಸೆಲ್ಲಿನ ಕೆಳಗೆ ಪಟ್ಟಿಗಳು ಜೋತಿದ್ದವು. ಅವನ್ನು ಎಕ್ಸೆಲ್ಲಿನ ಮೇಲಕ್ಕೆ ತಂದರೆ ಗಾಡಿ ಗೇಣುದ್ದ ಏಳುತ್ತದೆ. ಆದರೆ ಪಟ್ಟಿ ಕೂರುವ ಪೀಠ ಇದ್ದದ್ದು ಕೆಳಮೈಯಲ್ಲಿ.

"ಮೇಲ್ಗಡೆ ಹೊಸ ಪೀಠ ವೆಲ್ಡ್ ಮಾಡ್ಬೇಕು. ನನ್ ಮಿಷಿನ್ನು ಈ ಬಂಡೆ ಹತ್ತಲ್ಲಕ್ಕಾ," ಎಂದು ದಾಸಪ್ಪ ಕೈಚೆಲ್ಲಿದ.

ಅತ್ತೆ ಗಾಡಿಯ ಕೆಳಗೆ ಬಗ್ಗಿ ನೋಡಿದಳು. "ಎಕ್ಸೆಲ್ನೇ ಮಗುಚಾಕು. ಕೆಳಗಿರೋ ಪೀಠ ತಾನಾಗೇ ಮೇಲಕ್ಕೆ ಬರತ್ತೆ. ರೊಟ್ಟಿ ಮಗುಚಲ್ವಾ?"

ದಾಸಪ್ಪನ ಬಾಯಿಂದ ಬೀಡಿ ಬಿತ್ತು. "ಸಖತ್ ಐಡಿಯಾ ಕಣಕ್ಕಾ! ಇಷ್ಟು ವರ್ಷದಲ್ಲಿ ನನಗೆ ಹೊಳೀಲೇ ಇಲ್ವಲ್ಲ!"

ಅವನಿಗೆ ಹೊಳೆಯದೆ ಇದ್ದದ್ದೇ ಒಳ್ಳೆಯದಿತ್ತು. ಅದು ಗೊತ್ತಾದದ್ದು ಬುಧವಾರ ಸಂಜೆ. ಗಾಡಿ ಆ ಹೊತ್ತಿಗೆ ನನ್ನ ಕಣ್ಣಿಗೆ ಗಾಡಿಯಾಗಿ ಉಳಿದಿರಲಿಲ್ಲ. ಉದ್ದ ಕಾಲು, ಬರಿ ಹೊಟ್ಟೆ, ಮುಖದ ಪಕ್ಕ ಹೊಗೆಕೊಂಬು. ಅಜ್ಜಿಯ ಕತೆಯ ಯಾವುದೋ ರಕ್ಕಸನ ಕುದುರೆ ಕಾಕಡದ ಸಾಲುಗಳ ನಡುವೆ ನಿಂತು ಮೂಸುತ್ತಿರುವಂತಿತ್ತು. ಅತ್ತೆ ಹತ್ತಿ ಕೂತು, ಫಸ್ಟ್ ಗೇರ್ ಹಾಕಿ, ಕ್ಲಚ್ ಬಿಟ್ಟಳು. ಗಾಡಿ ಸೊಯ್ಯನೆ ಹಿಂದಕ್ಕೆ ಹೋಗಿ ಗೊಬ್ಬರದ ಗುಂಡಿಯಲ್ಲಿ ಕೂತಿತು.

"ಯಾಕೋ ಇದು?" ಅತ್ತೆ ಸೆಕೆಂಡ್ ಗೇರ್ ಹಾಕಿದಳು. ಇನ್ನೂ ಕೆಳಗಿಳಿಯಿತು. ರೇಗಿಹೋಗಿ ಗೇರುಕೋಲನ್ನು ರಿವರ್ಸಿಗೆ ತಳ್ಳಿದಳು. ಗಾಡಿ ನರಳಿತು, ನಡುಗಿತು, ಆಮೇಲೆ ಕೆರೆಯಿಂದ ಎಮ್ಮೆ ಏಳುವ ಹಾಗೆ ನಿಧಾನವಾಗಿ ಗುಂಡಿಯಿಂದ ಮುಂದಕ್ಕೆ ಎದ್ದು ಬಂತು.

ದಾಸಪ್ಪ ತಲೆ ಮೇಲೆ ಕೈಹೊತ್ತು ಕೂತಿದ್ದ. "ಕೆಟ್ಟೋಯ್ತಕ್ಕಾ. ಮಗುಚಿದ್ರಲ್ಲಿ ಒಳಗಿರೋ ಹಲ್ಲಿನ ಚಕ್ರ ಆ ಪಕ್ಕದಿಂದ ಈ ಪಕ್ಕಕ್ಕೆ ಬಂದ್ಬಿಟ್ಟಿದೆ. ಎಲ್ಲಾ ಉಲ್ಟಾ ಸುತ್ತತ್ತೆ. ಈಗ ಹಿಂದಕ್ಕೆ ಮೂರು ಗೇರು, ಮುಂದಕ್ಕೆ ಒಂದೇ. ಬಿಚ್ಚಿ ಕಟ್ಟೋಷ್ಟರಲ್ಲಿ ಹಬ್ಬ ಮುಗ್ದಿರತ್ತೆ."

"ಮುಂದಕ್ಕೆ ಹೋಗಕ್ಕೆ ಎಷ್ಟು ಗೇರ್ ಬೇಕೋ?"

"ಅದೇನಕ್ಕಾ ಹಂಗಂದ್ರೆ... ಒಂದಾದ್ರೂ ಬೇಕು."

"ಇದೆಯಲ್ಲ ಮತ್ತೆ. ಏಳು, ಹಗ್ಗ ಸುತ್ತು ಟೈರಿಗೆ, ಬಂಡೆ ಮೇಲೆ ಜಾರ್ಬಾರ್ದು."

ಗುರುವಾರ ಬೆಳಕು ಹರಿಯುವ ಹೊತ್ತಿಗೆ ಹೂವು ಕೊಯ್ದು, ಕುಕ್ಕೆ ತುಂಬಿ, ಒದ್ದೆ ಗೋಣಿ ಹೊದಿಸಿ ಬಿಗಿದಿದ್ದೆವು. ನನ್ನ ಕೈಯಲ್ಲಿ ಹುಣಸೆ ಮರದ ಗುಟ್ಟೆ, ದಪ್ಪನೆಯ ತುಂಡು. ಚಕ್ರ ಜಾರಿದರೆ ಹಿಂದಿನಿಂದ ಒತ್ತುಕೊಡುವುದು ನನ್ನ ಕೆಲಸ. ಅಜ್ಜಿ ಆಗಲೇ ಬಂಡೆಯ ನೆತ್ತಿ ಸೇರಿ, ಕೋಲೂರಿಕೊಂಡು ಕೂತಿದ್ದಳು.

"ಗೋವಿಂದೂ, ಆನೆ ಬೆನ್ನು ಕಣೇ ಅದು! ಅಡ್ಡಡ್ಡ ಹತ್ತಿದ್ರೆ ಕೊಡವಿಬಿಡತ್ತೆ. ನೆಟ್ಟಗೆ ಬಾ!"

ಅತ್ತೆ ನೆಟ್ಟಗೆ ಹತ್ತಿಸಿದಳು. ಆ ಒಂದೇ ಗೇರು ಊಳಿಡುತ್ತಿತ್ತು. ಮೊದಲು ಹೊಟ್ಟೆ ಕೂತಿದ್ದ ಕಲ್ಲು ಈಗ ಹೊಟ್ಟೆಯಡಿಯಲ್ಲಿ ಸುಮ್ಮನೆ ಹಾದುಹೋಯಿತು. ದಾಸಪ್ಪ ಗಾಡಿಯ ಮುಂದೆ ಹಿಮ್ಮುಖವಾಗಿ ನಡೆಯುತ್ತ, "ಎಡಕ್ಕೆ, ಎಡಕ್ಕೆ, ಹಂಗೇ ಬಿಡಿ ಗುರು," ಎಂದು ಅತ್ತೆಯನ್ನೇ ಗುರು ಮಾಡಿಬಿಟ್ಟಿದ್ದ. ನಡುಬೆನ್ನಿನಲ್ಲಿ ಪಾಚಿ ಕಟ್ಟಿದ ಜಾಗ. ಬಲಗಡೆಯ ಚಕ್ರ ಗಿರ್ರನೆ ಸುತ್ತಿ, ಇಡೀ ಗಾಡಿ ನನ್ನತ್ತ ಜಾರಿತು.

"ಮಂಗಳಾ, ಒತ್ತು!"

ನಾನು ಬಗ್ಗಿ ಗುಟ್ಟೆಯನ್ನು ತೂರಿಸಿದೆ. ಬೆರಳಿನ ಚರ್ಮ ಕಲ್ಲಿನಲ್ಲೇ ಉಳಿಯಿತು. ಚಕ್ರ ಗುಟ್ಟೆಯ ಮೇಲೆ ಕೂತು ಉಸಿರು ಬಿಟ್ಟಿತು. ನನ್ನ ಮುಖದ ಮುಂದೆಯೇ ಟೈರಿನ ದೊಡ್ಡ ಹಲ್ಲು. ಕತೆಯಲ್ಲಾಗಿದ್ದರೆ ಇಲ್ಲಿ ಯಾರಾದರೂ ದೇವತೆ ಬರಬೇಕಿತ್ತು. ಬಂದದ್ದು ಅತ್ತೆಯ ದನಿ.

"ಕೈ ಇದ್ಯೇನೇ?"

"ಇದೆ ಅತ್ತೆ!"

"ಹಂಗಾದ್ರೆ ಪಕ್ಕಕ್ಕೆ ಸರಿ. ಇದನ್ನ ಹತ್ತಿಸ್ದೆ ನಾನು ಕೆಳಗಿಳಿಯಲ್ಲ."

ಎಂಜಿನ್ನು ಮತ್ತೆ ಊಳಿಟ್ಟಿತು. ಹಗ್ಗ ಕಲ್ಲನ್ನು ಕಚ್ಚಿತು. ಗಾಡಿ ಪಾಚಿ ದಾಟಿ, ಅಜ್ಜಿಯ ಮುಂದೆ ಹಾದು, ಆಚೆ ಬದಿಗೆ ಮೂತಿ ಬಗ್ಗಿಸಿತು. ಇಳಿಜಾರೂ ಅದೇ ಗೇರಿನಲ್ಲಿ, ಹೆಜ್ಜೆಹೆಜ್ಜೆಗೆ. ಕೆರೆಯ ಕೆಸರು ಬಾಗಿಲವರೆಗೆ ಎರಚಿತು, ಆದರೆ ಎತ್ತರದ ಹೊಟ್ಟೆಯನ್ನು ಹಿಡಿದುಕೊಳ್ಳಲು ಅದರಿಂದಾಗಲಿಲ್ಲ.

ಡಾಂಬರು ರಸ್ತೆಯಲ್ಲಿ ಅಪ್ಪ ನಿಂತಿದ್ದ. ಪಕ್ಕದಲ್ಲಿ ಸೇತುರಾಮಯ್ಯ, ಲೇಔಟ್ ನಕ್ಷೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು. ಕೆಸರಿನಿಂದ ಎದ್ದು ಬಂದದ್ದನ್ನು ಅವರು ಕನ್ನಡಕ ತೆಗೆದು ಒಮ್ಮೆ, ಹಾಕಿಕೊಂಡು ಒಮ್ಮೆ ನೋಡಿದರು.

"ಏನಮ್ಮಾ ಇದು, ಗಾಡಿನೋ ಒಂಟೆನೋ?"

"ಹತ್ತಿ ಕೂತ್ಕೊಳಿ ಸಾರ್, ಗೊತ್ತಾಗತ್ತೆ."

"ಇವತ್ತೇನೋ ಬಂದೆ. ದಿನಾ ಹೀಗೇ ಬರಕ್ಕಾಗತ್ತಾ?"

"ನೀವು ದಿನಾ ಬಂದು ನಿಂತ್ಕೊಳಿ. ಬರ್ತೀನೋ ಇಲ್ವೋ ನೋಡೋರಂತೆ."

ಅಪ್ಪ ಒಂದು ಗೋಣಿ ಸರಿಸಿ, ಕನಕಾಂಬರದ ಮೇಲೆ ಅಂಗೈ ಇಟ್ಟು ನೋಡಿದ. ಒಂದು ಹನಿ ಕೆಸರಿರಲಿಲ್ಲ. ಗೋಣಿಯನ್ನು ಮೊದಲಿನ ಹಾಗೆಯೇ ಬಿಗಿದು, ಪಂಚೆ ಎತ್ತಿ ಕಟ್ಟಿ, ಹಿಂದಿನಿಂದ ಹತ್ತಿ ಕುಕ್ಕೆಗಳ ನಡುವೆ ಕೂತ.

"ಸ್ವಾಮೀ," ಎಂದ ಮೇಲಿನಿಂದ, "ಸೋಮವಾರ ಬರೋ ತೊಂದ್ರೆ ತಗೋಬೇಡಿ. ನಾವು ಮಾರಲ್ಲ."

ಹೊಟ್ಟೆನೋವಿನ ಅಪ್ಪನ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ಅತ್ತೆ ಎಲೆಅಡಿಕೆ ಉಗಿದು, ಕನ್ನಡಿ ಸರಿಮಾಡಿಕೊಂಡು ಹೊರಟಳು. ದಾಸಪ್ಪ ಓಡಿ ಬಂದು, "ಟೆಂಪೋ ಕರೀಲಾ ಅಕ್ಕಾ? ಮಾರ್ಕೆಟ್ ತನಕ ಒಂದೇ ಗೇರಲ್ಲಿ ಹೋಗ್ತೀರಾ?" ಎಂದ. ಅತ್ತೆ ಆಗಲೇ ಪಕ್ಕದಲ್ಲಿ ಹತ್ತಿ ಕೂತಿದ್ದ ನನ್ನ ಜೊತೆ ಅವನನ್ನೂ ಒಳಗೆ ಎಳೆದು ಕೂರಿಸಿಕೊಂಡಳು.

ಬನಶಂಕರಿ ದಾಟುವಷ್ಟರಲ್ಲಿ ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿದರು. ಒಬ್ಬ ಹಾಲಿನವನು ಕೈಬೀಸಿ ನಕ್ಕ. ಸೌತ್ ಎಂಡ್ ಸರ್ಕಲ್ಲಿಗೆ ಬಂದಾಗ ನಮ್ಮ ಹಿಂದೆ ಬಸ್ಸುಗಳ ಮೆರವಣಿಗೆಯೇ ಇತ್ತು. ಎಲ್ಲವೂ ಹಾರನ್ ಒತ್ತುತ್ತಿದ್ದವು. ನಡುವೆ ನಿಂತಿದ್ದ ಪೊಲೀಸಿನವನು ಸೀಟಿ ಊದಿ ಊದಿ ಕೆಂಪಾಗಿದ್ದ.

"ಏನಮ್ಮಾ, ಮೆರವಣಿಗೆ ಹೊರಟಿದೀಯಾ? ಬೇಗ ಹೋಗು!"

ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಹಬ್ಬದ ಹೂವು ಸಾರ್, ಬಂಡೆ ಹತ್ತಿ ಬಂದಿದೆ. ನೀವೇ ಸ್ವಲ್ಪ ಕಾಯ್ರಿ!"

ಅವನು ಎರಡೂ ಕೈ ಚಾಚಿ ನಾಲ್ಕು ಕಡೆಯ ಗಾಡಿಗಳನ್ನೂ ನಿಲ್ಲಿಸಿದ. ಸರ್ಕಲ್ಲಿನ ಅಷ್ಟು ದೊಡ್ಡ ಜಾಗದಲ್ಲಿ ನಾವಷ್ಟೇ, ಊಳಿಡುತ್ತ, ನಿಧಾನವಾಗಿ ದಾಟಿದೆವು.