ಕರೆದೊಯ್ಯಲು ಯಾರೂ ಬರಲಿಲ್ಲ

ಜಿಗಣಿಯ ಊದುಬತ್ತಿ ಶೆಡ್ಡಿನಿಂದ ಪೊಲೀಸರು ಬಿಡಿಸಿಕೊಂಡು ಬಂದ ಹೆಂಗಸರಲ್ಲಿ ಚನ್ನಕ್ಕನೂ ಒಬ್ಬಳು. ಕೊಪ್ಪಳದ ಕಡೆಯವಳು. ಗಾರ್ಮೆಂಟ್ಸ್‌ನಲ್ಲಿ ಕೆಲಸ ಕೊಡಿಸುತ್ತೇನೆಂದು ಕರೆತಂದವನು ಅವಳನ್ನು ಆ ಶೆಡ್ಡಿಗೆ ಮಾರಿ ಹೋಗಿದ್ದ. ಅಲ್ಲಿ ಹೊರಗಿನಿಂದ ಬೀಗ ಹಾಕಿ ದುಡಿಸುತ್ತಿದ್ದರು. ಬಿಡಿಸಿದ ಮೇಲೆ ಎಲ್ಲರನ್ನೂ ಪುನರ್ವಸತಿ ಕೇಂದ್ರಕ್ಕೆ ಸೇರಿಸಿದರು. ಉಳಿದವರನ್ನು ಗಂಡನೋ ಅಪ್ಪನೋ ಬಂದು ಕರೆದುಕೊಂಡು ಹೋದರು. ಚನ್ನಕ್ಕನ ಅಣ್ಣ ಬಸಲಿಂಗ ಮಾತ್ರ, ಎಲ್ಲೆಲ್ಲಿ ಇದ್ದು ಬಂದಳೋ, ನಮಗೆ ಬೇಡ ಎಂದು ಫೋನ್ ಇಟ್ಟುಬಿಟ್ಟ. ಮನೆಯವರಿಗಲ್ಲದೆ ಬೇರೆ ಯಾರಿಗೂ ಒಪ್ಪಿಸುವಂತಿಲ್ಲ ಎಂದರು ಕೇಂದ್ರದವರು. ಎರಡು ವರ್ಷ ಕಳೆದು, ಕೋರ್ಟು ಹೇಳಿದ ಮೇಲೆಯೇ ಅವಳು ಹೊರಬಂದದ್ದು. ಹೆಬ್ಬಗೋಡಿಯಲ್ಲಿ ರೂಮು ಹಿಡಿದು ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಕೆಳಗಿನ ಮನೆಯಲ್ಲಿದ್ದ ರೂಮಿನ ಓನರ್ ಈಶ್ವರಮ್ಮನಿಗೆ, ಗಂಡ ತೀರಿಕೊಂಡಿದ್ದಾನೆ ಎಂದಷ್ಟೇ ಹೇಳಿದ್ದಳು.

ಮಾನವ ಕಳ್ಳಸಾಗಣೆ ತಡೆಯಲು ರಾಜ್ಯ ಸರ್ಕಾರ ಹೊಸ ನಿಯಮ ಮಾಡಲು ಹೊರಟಾಗ, ಮಹಿಳಾ ಕಲ್ಯಾಣ ಇಲಾಖೆಯ ಅಧಿಕಾರಿ ಸೌಮ್ಯಾ, ಕೇಂದ್ರದಲ್ಲಿ ಇದ್ದು ಬಂದವಳೆಂದು ಅವಳನ್ನೂ ಸಭೆಗೆ ಕರೆಸಿದರು. ಹೆಸರು ಎಲ್ಲೂ ಬರುವುದಿಲ್ಲ ಎಂದು ಮಾತು ಕೊಟ್ಟರು. ಸಹಾಯವಾಣಿ, ಚೆಕ್‌ಪೋಸ್ಟು, ದಾಳಿ ತಂಡ ಎಂದು ಮಧ್ಯಾಹ್ನದವರೆಗೆ ಮಾತು ನಡೆಯಿತು. ಆಮೇಲೆ ಸೌಮ್ಯಾ ಅವಳ ಕಡೆ ತಿರುಗಿ, ಏನಾದರೂ ಹೇಳುವುದಿದೆಯೇ ಎಂದು ಕೇಳಿದರು.

ಚನ್ನಕ್ಕ ಎದ್ದು ನಿಂತಳು. "ಶೆಡ್ಡಿನ್ಯಾಗ ಕೂಡಿ ಹಾಕಿದ್ದು ತಪ್ಪು ಅಂತ ಅವರನ್ನ ಹಿಡದ್ರಿ. ಆಮ್ಯಾಲ ನೀವೂ ಕೂಡಿ ಹಾಕಿದ್ರಿ. ಕರಕೊಂಡು ಹೋಗಾಕ ಯಾರೂ ಇಲ್ಲದಾಕಿ ಎಲ್ಲಿಗೆ ಹೋಗಬೇಕ್ರಿ, ಮೇಡಂ? ನಾನೇನು ಸಣ್ಣ ಹುಡುಗಿ ಅಲ್ಲ. ನನ್ನನ್ನ ನನಗ ಒಪ್ಪಿಸ್ರಿ."

ಒಂಟಿ ಹೆಂಗಸನ್ನು ಹಾಗೆ ಹೊರಗೆ ಬಿಟ್ಟರೆ ಹೇಗೆ ಎಂದು ಹಿರಿಯ ಅಧಿಕಾರಿಯೊಬ್ಬರು ಸುರಕ್ಷತೆಯ ಮಾತೆತ್ತಿದರು. ಚನ್ನಕ್ಕ ಕುಳಿತಳು. ಸೌಮ್ಯಾ ಮಾತ್ರ ಸಭೆ ಮುಗಿಯುವವರೆಗೂ ಅವಳ ಮಾತನ್ನು ಬಿಟ್ಟುಕೊಡಲಿಲ್ಲ.

ಬಹಳ ತಿಂಗಳ ಮೇಲೆ ಒಂದು ಭಾನುವಾರ ಸೌಮ್ಯಾ ಫೋನ್ ಮಾಡಿದರು. ನಿಯಮ ಜಾರಿಗೆ ಬಂದಿತ್ತು. ವಯಸ್ಕ ಹೆಂಗಸು ತನ್ನಿಷ್ಟದಂತೆ ಕೇಂದ್ರ ಬಿಡಬಹುದು, ಮನೆಯವರು ಬರಲೇಬೇಕೆಂದಿಲ್ಲ, ಹೊರಗೆ ರೂಮು ಹಿಡಿಯಲು ಸರ್ಕಾರವೇ ನೆರವಾಗುತ್ತದೆ ಎಂದರು.

"ಇದು ನಿಮ್ಮಿಂದ ಆಗಿದ್ದು, ಚನ್ನಕ್ಕ."

ಫೋನ್ ಇಟ್ಟ ಮೇಲೆ ಅವಳಿಗೆ ಯಾರಿಗಾದರೂ ಹೇಳಬೇಕೆನಿಸಿತು. ಅಣ್ಣನ ನಂಬರ್ ತೆಗೆದು ನೋಡಿ ಹಾಗೇ ಬಿಟ್ಟಳು. ಕೆಲಸದ ಜಾಗದಲ್ಲಿ ಗೆಳತಿಯರಿದ್ದರು. ಆದರೆ ಇದನ್ನು ಹೇಳಲು ಹೋದರೆ ಶೆಡ್ಡಿನಿಂದಲೇ ಶುರುಮಾಡಬೇಕಿತ್ತು. ಅಂಗಡಿಗೆ ಹೋಗಿ ಬೇಳೆ, ಬೆಲ್ಲ ತಂದು ಹೋಳಿಗೆ ಮಾಡಿದಳು. ಒಬ್ಬಳಿಗೆ ಜಾಸ್ತಿಯಾಯಿತು. ತಟ್ಟೆಯಲ್ಲಿಟ್ಟುಕೊಂಡು ಕೆಳಗಿಳಿದು ಈಶ್ವರಮ್ಮನಿಗೆ ಕೊಟ್ಟಳು.

"ಏನಮ್ಮ, ಇವತ್ತು ನಿಮ್ಕಡೆ ಅಬ್ಬಾನಾ?"

"ಇಲ್ಲಮ್ಮ, ಸುಮ್ನ ಮಾಡಿದೆ."

ಈಶ್ವರಮ್ಮ ಒಂದು ಚೂರು ಮುರಿದು ಬಾಯಿಗಿಟ್ಟು, ಚೆನ್ನಾಗಿದೆ ಎಂದು ಮತ್ತೆ ಟಿವಿಯ ಕಡೆ ತಿರುಗಿದರು. ಚನ್ನಕ್ಕ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದು, ಮೆಟ್ಟಿಲು ಹತ್ತಿ ಮೇಲೆ ಹೋದಳು.